ದೈಮೋನಿಯೋನ್, ದೆವ್ವ, ದೈವ: ಒಂದು ಅನುವಾದಪದದ ಅರ್ಥವಿಚಾರ

ಧರ್ಮಗ್ರಂಥವೊಂದು ಭಾಷೆಯಿಂದ ಭಾಷೆಗೆ ಬರುವಾಗ ಅದರ ದೇವರ ಹೆಸರುಗಳ ಬಗೆಗೆ ಅನುವಾದಕರು ತೋರುವ ಎಚ್ಚರ, ದೇವರಲ್ಲದ ಶಕ್ತಿಗಳ ಹೆಸರುಗಳ ಬಗೆಗೆ ಅಷ್ಟಾಗಿ ಕಾಣುವುದಿಲ್ಲ. ಆದರೆ ಆ ಎರಡನೆಯ ವರ್ಗದ ಪದಗಳೇ ಬೇರೆಯವರ ಆರಾಧನೆಯನ್ನು ಕುರಿತ ತೀರ್ಪನ್ನು ಹೊತ್ತುಕೊಂಡು ಬರುತ್ತವೆ. ಕ್ರೈಸ್ತ ಧರ್ಮಗ್ರಂಥದ ಹೊಸ ಒಡಂಬಡಿಕೆಯಲ್ಲಿ ಬರುವ 'ದೈಮೋನಿಯೋನ್' ಎಂಬ ಗ್ರೀಕ್ ಪದ ಇದಕ್ಕೆ ಒಳ್ಳೆಯ ನಿದರ್ಶನ. ಕನ್ನಡ ಸತ್ಯವೇದದ ಪ್ರಚಲಿತ ಅನುವಾದದಲ್ಲಿ ಇದಕ್ಕೆ ಸಾಮಾನ್ಯವಾಗಿ ಬಳಕೆಯಾಗಿರುವ ಪದ 'ದೆವ್ವ'. ಬಯಲುಸೀಮೆಯ ಓದುಗನಿಗೆ ಇದರಲ್ಲಿ ತೊಡಕೇನೂ ಕಾಣದು. ತುಳುನಾಡಿನಲ್ಲಿ ಮಾತ್ರ ಪರಿಸ್ಥಿತಿ ಬೇರೆ. ಮೂಡುಬಿದಿರೆಯ ಸುತ್ತಮುತ್ತ ಜೈನ ಬಸದಿ, ಕ್ರೈಸ್ತ ಇಗರ್ಜಿ, ದೈವಸ್ಥಾನ ಈ ಮೂರೂ ನಡೆದು ಹೋಗುವಷ್ಟು ದೂರದಲ್ಲಿವೆ. ಅಲ್ಲಿ 'ದೈವ'ವೆಂಬುದು ನೆರೆಮನೆಯವರು ಕೈಮುಗಿಯುವ ಶಕ್ತಿ. ಆದುದರಿಂದ ಗ್ರೀಕ್ ಪದದ ಅರ್ಥವೇನು, ಅದು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬ ಪ್ರಶ್ನೆ ಅಲ್ಲಿ ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಈ ಪದದ ಅರ್ಥಚರಿತ್ರೆಯನ್ನು ಮೂಡುಬಿದಿರೆ ಪರಿಸರದ ಪದಗಳ ಜೊತೆಯಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಗ್ರೀಕ್ ಭಾಷೆಯಲ್ಲಿ ಮೂಲಾರ್ಥ

'ದೈಮೋನಿಯೋನ್' ಎಂಬುದು 'ದೈಮೋನ್' ಎಂಬ ಹಳೆಯ ಪದದಿಂದ ಬಂದ ವಿಶೇಷಣದ ನಪುಂಸಕ ರೂಪ. 'ದೈಮೋನ್' ಪದವನ್ನು ವಿದ್ವಾಂಸರು ಸಾಮಾನ್ಯವಾಗಿ ಹಂಚು, ಪಾಲಿಕ್ಕು ಎಂಬ ಅರ್ಥದ ಗ್ರೀಕ್ ಧಾತುವಿಗೆ ಸಂಬಂಧಿಸುತ್ತಾರೆ. ಮನುಷ್ಯನ ಪಾಲಿಗೆ ಬರಬೇಕಾದುದನ್ನು ಹಂಚಿಕೊಡುವ ಶಕ್ತಿ ಎಂಬುದು ಇದರ ಇಂಗಿತ. ಉಚ್ಚಾರಣೆಯ ಹೋಲಿಕೆಯಿಂದ ಇದನ್ನು ಸಂಸ್ಕೃತದ 'ದೈವ'ಕ್ಕೆ ಜೋಡಿಸುವುದು ಸರಿಯಲ್ಲ. 'ದೇವ', 'ದೈವ' ಪದಗಳು ಹೊಳೆಯುವುದು ಎಂಬ ಅರ್ಥದ ಬೇರೆ ಧಾತುವಿನಿಂದ ಬಂದವು. ಎರಡಕ್ಕೂ 'ವಿಧಿ' ಎಂಬ ಅರ್ಥ ಒದಗಿರುವುದು ಆಕಸ್ಮಿಕ.

ಹೋಮರನ ಕಾವ್ಯಗಳಲ್ಲಿ 'ದೈಮೋನ್' ಕೆಲವೊಮ್ಮೆ ದೇವರುಗಳಿಗೇ ಸಲ್ಲುವ ಪದ. ಹೆಸಿಯಡ್ ಕವಿಯಲ್ಲಿ ಚಿನ್ನದ ಯುಗದ ಮನುಷ್ಯರು ಸತ್ತ ಮೇಲೆ ದೈಮೋನ್‌ಗಳಾಗಿ ಮರ್ತ್ಯರನ್ನು ಕಾಯುತ್ತಾರೆ. ಪ್ಲೇಟೋನ 'ಸಿಂಪೋಸಿಯಂ' ಸಂವಾದದಲ್ಲಿ ದೈಮೋನ್ ದೇವರಿಗೂ ಮನುಷ್ಯನಿಗೂ ನಡುವಣ ಶಕ್ತಿ. ಮನುಷ್ಯರ ಹರಕೆಯನ್ನು ಮೇಲಕ್ಕೂ ದೇವರ ಅಪ್ಪಣೆಯನ್ನು ಕೆಳಕ್ಕೂ ಮುಟ್ಟಿಸುವುದು ಅದರ ಕೆಲಸ. ಸಾಕ್ರಟೀಸ್ ತನ್ನನ್ನು ತಪ್ಪು ದಾರಿಯಿಂದ ತಡೆಯುವ ಒಳದನಿಯನ್ನು ಇದೇ ಪದವರ್ಗದಿಂದ ಗುರುತಿಸಿದನು. ಅವನ ಮೇಲಿನ ಆರೋಪಗಳಲ್ಲಿ ಹೊಸ 'ದೈಮೋನಿಯ'ಗಳನ್ನು ತರುತ್ತಿದ್ದಾನೆ ಎಂಬುದೂ ಒಂದು. ('ದೈಮೋನಿಯ' ಎಂಬುದು ಬಹುವಚನ.) ಅಂದರೆ ಈ ಪದ ಮೂಲತಃ ಕೆಡುಕನ್ನು ಸೂಚಿಸುವುದಿಲ್ಲ. ದೈಮೋನ್ ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಒಲಿದರೆ ಕಾಯುವ, ಮುನಿದರೆ ಕಾಡುವ ಶಕ್ತಿ ಅದು.

2. ಹೀಬ್ರೂವಿನಿಂದ ಗ್ರೀಕಿಗೆ: ಅರ್ಥದ ಇಳಿತ

ಪದದ ಅರ್ಥ ಕೆಳಗಿಳಿದುದು ಒಂದು ಅನುವಾದದ ಸಂದರ್ಭದಲ್ಲಿ ಎಂಬುದು ಗಮನಾರ್ಹ. ಯೆಹೂದ್ಯರ ಹೀಬ್ರೂ ಧರ್ಮಗ್ರಂಥವನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಮೊದಲ್ಗೊಂಡು ಗ್ರೀಕಿಗೆ ಅನುವಾದಿಸಲಾಯಿತು. ಸೆಪ್ಟುವಜಿಂಟ್ ಎಂದು ಹೆಸರಾದ ಈ ಅನುವಾದದಲ್ಲಿ ಬೇರೆ ಬೇರೆ ಹೀಬ್ರೂ ಪದಗಳಿಗೆ 'ದೈಮೋನಿಯೋನ್' ಪದವರ್ಗವನ್ನೇ ಬಳಸಲಾಗಿದೆ. ಧರ್ಮೋಪದೇಶಕಾಂಡದ 32ನೆಯ ಅಧ್ಯಾಯದಲ್ಲೂ 106ನೆಯ ಕೀರ್ತನೆಯಲ್ಲೂ ಮೂಲಪದ 'ಶೇದೀಮ್'. ಇದಕ್ಕೆ ಸಂಬಂಧಿಸಿದ ಅಕ್ಕಾಡಿಯನ್ ಪದ ಅಸ್ಸೀರಿಯದಲ್ಲಿ ಅರಮನೆಯ ಬಾಗಿಲು ಕಾಯುವ ರಕ್ಷಕಶಕ್ತಿಗೂ ಸಲ್ಲುತ್ತಿತ್ತು. 96ನೆಯ ಕೀರ್ತನೆಯಲ್ಲಿ ಅನ್ಯಜನಾಂಗಗಳ ದೇವರುಗಳನ್ನು ಕುರಿತು ಬಂದಿರುವ 'ಎಲೀಲೀಮ್' ಎಂಬುದಕ್ಕೆ ನಿಸ್ಸಾರವಾದವು ಎಂಬರ್ಥ. ಯೆಶಾಯನ 13ನೆಯ ಅಧ್ಯಾಯದಲ್ಲಿ ಪಾಳುನೆಲದಲ್ಲಿ ಕುಣಿಯುವ ಆಡಿನಂಥ ಜೀವಿಗಳಿಗೂ, 65ನೆಯ ಅಧ್ಯಾಯದಲ್ಲಿ ಜನರು ಎಡೆಯಿಕ್ಕುತ್ತಿದ್ದ 'ಗಾದ್' ಎಂಬ ಅದೃಷ್ಟದೇವತೆಗೂ ಇದೇ ಪದವರ್ಗ ಬಂದಿದೆ.

ರಕ್ಷಕಶಕ್ತಿ, ನಿಸ್ಸಾರ ವಿಗ್ರಹ, ಪಾಳುಭೂಮಿಯ ಜೀವಿ, ಭಾಗ್ಯದೇವತೆ ಈ ನಾಲ್ಕೂ ಮೂಲದಲ್ಲಿ ಪ್ರತ್ಯೇಕವಾದವು. ಗ್ರೀಕಿನಲ್ಲಿ ಅವು ಒಂದೇ ಹೆಸರಿನ ಕೆಳಗೆ ಬಂದವು. ಅನ್ಯರ ದೇವರೂ ಪಾಳುಮನೆಯ ಪೀಡೆಯೂ ಒಂದೇ ಜಾತಿ ಎಂಬ ಭಾವನೆಗೆ ಇದು ದಾರಿಮಾಡಿತು. ಆದರೂ ಹಳೆಯ ಅರ್ಥ ಒಮ್ಮೆಲೇ ಅಳಿಯಲಿಲ್ಲ. ಅಲೆಕ್ಸಾಂಡ್ರಿಯದ ಫಿಲೋ, ತತ್ತ್ವಜ್ಞಾನಿಗಳು ದೈಮೋನ್ ಎನ್ನುವುದನ್ನೇ ಮೋಶೆ ದೇವದೂತರೆಂದು ಕರೆದಿದ್ದಾನೆ ಎಂದು ವಿವರಿಸಿದನು. ಒಂದನೆಯ ಶತಮಾನದ ಇತಿಹಾಸಕಾರ ಜೋಸೆಫಸ್ ಮಾತ್ರ ಈ ಹೆಸರಿನವು ದುಷ್ಟಮನುಷ್ಯರ ಪ್ರೇತಗಳು, ಬದುಕಿರುವವರನ್ನು ಹೊಕ್ಕು ಕೊಲ್ಲುತ್ತವೆ ಎಂದು ಬರೆದನು. ಹೊಸ ಒಡಂಬಡಿಕೆಯು ರಚನೆಯಾದ ಕಾಲದಲ್ಲಿ ಪದಕ್ಕೆ ಇಷ್ಟೂ ಅರ್ಥಗಳು ಜೊತೆಜೊತೆಯಾಗಿ ಚಲಾವಣೆಯಲ್ಲಿದ್ದವು.

3. ಹೊಸ ಒಡಂಬಡಿಕೆಯಲ್ಲಿ ಎರಡು ಅರ್ಥಗಳು

ಹೊಸ ಒಡಂಬಡಿಕೆಯಲ್ಲಿ 'ದೈಮೋನಿಯೋನ್' 60ಕ್ಕಿಂತ ಹೆಚ್ಚು ಬಾರಿ ಬಂದಿದೆ. ಅದಕ್ಕೆ ಸಂಬಂಧಿಸಿದ, 'ಹಿಡಿತಕ್ಕೆ ಒಳಗಾಗು' ಎಂಬ ಅರ್ಥದ ಕ್ರಿಯಾಪದ 13 ಬಾರಿ ಬಂದಿದೆ. ಹೆಚ್ಚಿನ ಪ್ರಯೋಗಗಳು ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲಿವೆ. ಅಲ್ಲೆಲ್ಲ ಅದು ಮನುಷ್ಯನನ್ನು ಹೊಕ್ಕು ಪೀಡಿಸುವ, ಮಾತು ಕಟ್ಟುವ, ನೆಲಕ್ಕೆ ಕೆಡಹುವ ಶಕ್ತಿ. ಇದಕ್ಕೆ ಪರ್ಯಾಯವಾಗಿ 'ಅಶುದ್ಧಾತ್ಮ' ಎಂಬ ಮಾತೂ ಬಳಕೆಯಾಗಿದೆ. ಮಾರ್ಕನ 5ನೆಯ ಅಧ್ಯಾಯದ ಪೀಡಿತನು ಸಮಾಧಿಗಳ ನಡುವೆ ವಾಸಿಸುತ್ತಾನೆ. ಮತ್ತಾಯನು 4ನೆಯ ಅಧ್ಯಾಯದಲ್ಲಿ ದೈಮೋನಿಯ ಹಿಡಿದವರನ್ನೂ ಮೂರ್ಛೆರೋಗಿಗಳನ್ನೂ ಪಾರ್ಶ್ವವಾಯು ಪೀಡಿತರನ್ನೂ ಬೇರೆ ಬೇರೆಯಾಗಿಯೇ ಹೆಸರಿಸುತ್ತಾನೆ. ಯೋಹಾನನ ಸುವಾರ್ತೆಯಲ್ಲಿ ಇವನ್ನು ಬಿಡಿಸಿದ ಪ್ರಸಂಗ ಒಂದೂ ಇಲ್ಲ. ಅಲ್ಲಿ ಈ ಪದ ಬರುವುದು ಎದುರಾಳಿಗಳು ಯೇಸುವಿನ ಮೇಲೆ ಹೊರಿಸಿದ ದೂಷಣೆಯ ಸಂದರ್ಭದಲ್ಲಿ ಮಾತ್ರ.

ಸುವಾರ್ತೆಗಳ ಈ ದೈಮೋನಿಯಗಳಿಗೆ ಗುಡಿಯಿಲ್ಲ, ಎಡೆಯಿಲ್ಲ, ಹಬ್ಬವಿಲ್ಲ, ಹರಕೆ ಹೊತ್ತವರಿಲ್ಲ. ಅವು ಯಾರೂ ಕರೆಯದೆ ಬಂದವು. ಅವುಗಳಿಂದ ಬಿಡುಗಡೆ ಪಡೆಯುವುದೊಂದೇ ಪೀಡಿತನ ಆಸೆ.

ಆರಾಧನೆಗೆ ಸಂಬಂಧಿಸಿದ ಪ್ರಯೋಗಗಳು ಬೆರಳೆಣಿಕೆಯವು. ಮುಖ್ಯವಾದುದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 10ನೆಯ ಅಧ್ಯಾಯ. ಅನ್ಯಜನರ ಬಲಿ ದೇವರಿಗಲ್ಲ, ದೈಮೋನಿಯಗಳಿಗೆ ಸಲ್ಲುತ್ತದೆ ಎಂದು ಪೌಲನು ಹೇಳುವಾಗ ಅವನ ಹಿಂದೆ ಧರ್ಮೋಪದೇಶಕಾಂಡದ ಗ್ರೀಕ್ ಪಾಠವಿದೆ. ದೈಮೋನಿಯಗಳ ಪಂಕ್ತಿ ಎಂಬ ಅವನ ಕಲ್ಪನೆಯ ಹಿಂದೆ ಯೆಶಾಯನ ಎಡೆಯ ನೆನಪು ಇರುವಂತಿದೆ. ಈ ಮಾತನ್ನು ಕೇಳಿದ ಕೊರಿಂಥದ ಗ್ರೀಕನಿಗೆ ಕಂಡುದು ಸ್ಮಶಾನದ ಪ್ರೇತವಲ್ಲ. ತನ್ನ ಊರಿನವರು ಸೇವಿಸುವ, ಮೇಲಿನ ದೇವರಿಗಿಂತ ಕೆಳಗಿನ ಶಕ್ತಿಗಳು ಅವನಿಗೆ ಕಂಡವು. ಪೌಲನ ವಾದದ ತಿರುಳು ನಿಷ್ಠೆಯನ್ನು ಕುರಿತದ್ದು. ಒಬ್ಬ ಒಡೆಯನ ಪಂಕ್ತಿಯಲ್ಲಿ ಕುಳಿತವನು ಇನ್ನೊಂದು ಪಂಕ್ತಿಯಲ್ಲಿ ಕೂರಬಾರದು ಎಂಬುದು ಅದು. ಈ ತೀರ್ಪು ಕಠಿಣವಾದುದೇ ಸರಿ. ಅದನ್ನು ಮೃದುಗೊಳಿಸಿ ಓದಬೇಕಾಗಿಲ್ಲ. ಆದರೆ ಅದು ಬಿಡಿಸಬೇಕಾದ ಪೀಡೆಯ ವಿಷಯವಲ್ಲ.

ಇನ್ನೊಂದು ಪ್ರಯೋಗ ಈ ವ್ಯತ್ಯಾಸವನ್ನು ನಿಸ್ಸಂದೇಹವಾಗಿ ತೋರಿಸುತ್ತದೆ. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿ ಅಥೇನೆಯ ಜನರು ಪೌಲನ ಬೋಧನೆಯನ್ನು ಕೇಳಿ, ಇವನು ಪರದೇಶದ ದೈಮೋನಿಯಗಳನ್ನು ಸಾರುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಸಾಕ್ರಟೀಸನ ಮೇಲಿದ್ದ ಆರೋಪದ ಧ್ವನಿಯೇ ಇದು. ಇಲ್ಲಿ ಪದದ ಅರ್ಥ ದೇವರುಗಳು ಎಂದೇ. ಕನ್ನಡದ ಅನುವಾದವೂ ಇಲ್ಲಿ 'ದೆವ್ವ' ಎನ್ನದೆ ದೇವರೆಂಬ ಪದವನ್ನೇ ಬಳಸಿದೆ. ಒಂದೇ ಗ್ರೀಕ್ ಪದ ಒಂದೇ ಗ್ರಂಥದೊಳಗೆ ಕನ್ನಡದಲ್ಲಿ ಒಂದೆಡೆ ದೆವ್ವವಾಗಿ, ಮತ್ತೊಂದೆಡೆ ದೇವರಾಗಿ ಬಂದಿದೆ. ಇದು ಅನುವಾದಕರ ಅನವಧಾನವಲ್ಲ. ಸಂದರ್ಭವನ್ನು ತೂಗಿ ನೋಡಿದುದರ ಫಲ.

4. 'ದೆವ್ವ': ಕನ್ನಡ ಪದದ ಯೋಗ್ಯತೆ

ಕನ್ನಡ ಅನುವಾದದ ಒಂದು ಗುಣವನ್ನು ಇಲ್ಲಿ ಗುರುತಿಸಬೇಕು. ಗ್ರೀಕಿನಲ್ಲಿ ದೂಷಕ ಎಂಬರ್ಥದ 'ದಿಯಾಬೊಲೋಸ್' ಎಂಬ ಮತ್ತೊಂದು ಪದವಿದೆ. ಅದು ದೇವರ ಎದುರಾಳಿಯಾದ ಒಬ್ಬನ ಹೆಸರು. ಇಂಗ್ಲಿಷಿನ 'ಡೆವಿಲ್', ಜರ್ಮನಿನ 'ಟೊಯ್‌ಫೆಲ್' ಪದಗಳ ಮೂಲ ಇದೇ. 1611ರ ಇಂಗ್ಲಿಷ್ ಅನುವಾದ 'ದಿಯಾಬೊಲೋಸ್', 'ದೈಮೋನಿಯೋನ್' ಎರಡಕ್ಕೂ 'ಡೆವಿಲ್' ಎಂದೇ ಹಾಕಿತು. ಲೂಥರನ ಜರ್ಮನ್ ಅನುವಾದದಲ್ಲೂ ಎರಡು ಕಡೆ 'ಟೊಯ್‌ಫೆಲ್' ಬಂದಿತು. 1881ರ ಇಂಗ್ಲಿಷ್ ಪರಿಷ್ಕರಣದಲ್ಲಿ 'ಡೀಮನ್' ಎಂಬುದು ಅಂಚಿನ ಟಿಪ್ಪಣಿಗೆ ಬಂದು, 1901ರ ಅಮೆರಿಕನ್ ಪರಿಷ್ಕರಣದಲ್ಲಿ ಪಠ್ಯದೊಳಗೇ ಸೇರಿತು. ಕನ್ನಡದಲ್ಲಾದರೋ 'ಸೈತಾನ', 'ದೆವ್ವ' ಎಂಬ ಎರಡು ಪದಗಳು ಈ ಭೇದವನ್ನು ಕಾಯ್ದುಕೊಂಡಿವೆ.

'ದೆವ್ವ' ಪದದ ಹುಟ್ಟು ಇನ್ನೂ ಕುತೂಹಲಕರ. ಸಂಸ್ಕೃತದ 'ದೈವ'ಕ್ಕೆ ಪ್ರಾಕೃತ ವ್ಯಾಕರಣಕಾರರು ಹೇಳುವ ರೂಪಗಳಲ್ಲಿ 'ದೆವ್ವ' ಎಂಬುದೂ ಒಂದು. ಅಂದರೆ ಕನ್ನಡದ 'ದೆವ್ವ'ವೂ ತುಳುವರ 'ದೈವ'ವೂ ಒಂದೇ ಪದದ ಎರಡು ರೂಪಗಳು. ತದ್ಭವವಾದುದು ಕೆಳಗಿಳಿದು ಕಾಡುವ ಪ್ರೇತವಾಯಿತು. ತತ್ಸಮವಾದುದು ತುಳುನಾಡಿನಲ್ಲಿ ಮೇಲೆಯೇ ಉಳಿದು ಊರನ್ನು ಕಾಯುವ ಶಕ್ತಿಯಾಯಿತು. ಗ್ರೀಕಿನ 'ದೈಮೋನ್' ತುಳಿದ ದಾರಿಯನ್ನೇ 'ದೆವ್ವ'ವೂ ತುಳಿದಿದೆ. ಇರಾನಿನ ಅವೆಸ್ತಾ ಭಾಷೆಯಲ್ಲಿ 'ದೇವ' ಪದದ ಸೋದರರೂಪ ದುಷ್ಟಶಕ್ತಿಗೆ ಸಲ್ಲುವುದನ್ನೂ ಇಲ್ಲಿ ನೆನೆಯಬಹುದು. ಕೊಂಕಣಿಯದು ಮತ್ತೂ ಸಮೀಪದ ನಿದರ್ಶನ. ಗೋವೆಯ ಹಿಂದೂಗಳಲ್ಲಿ 'ದೆವ್ಚಾರ' ಊರಗಡಿ ಕಾಯುವ ಶಕ್ತಿ. ಕ್ರೈಸ್ತರ ಕೊಂಕಣಿಯಲ್ಲಿ ಅದೇ ಪದ ಸೈತಾನನಿಗೆ ಸಲ್ಲುತ್ತದೆ. ಒಂದು ಸಮಾಜದ ಆರಾಧ್ಯಶಕ್ತಿ ನೆರೆಯ ಸಮಾಜದ ಮಾತಿನಲ್ಲಿ ಪೀಡೆಯಾಗುವುದು ಭಾಷೆಗಳಲ್ಲಿ ಮರುಕಳಿಸುವ ಸಂಗತಿಯೆಂದು ಇವು ತಿಳಿಸುತ್ತವೆ.

ಸುವಾರ್ತೆಗಳ ಪೀಡಕಶಕ್ತಿಗೆ 'ದೆವ್ವ' ಸರಿಯಾಗಿಯೇ ಹೊಂದುತ್ತದೆ. ದೆವ್ವ ಹಿಡಿಯುವುದು, ದೆವ್ವ ಬಿಡಿಸುವುದು ಎಂಬ ನುಡಿಗಟ್ಟುಗಳು ಕನ್ನಡದಲ್ಲಿ ಸಹಜವಾದವು. ಪೌಲನ ಪತ್ರಿಕೆಯಲ್ಲಿ ಮಾತ್ರ ಅದು ಅರ್ಥವನ್ನು ಕಿರಿದುಗೊಳಿಸುತ್ತದೆ. ದೆವ್ವಕ್ಕೆ ಯಾರೂ ಪಂಕ್ತಿ ಏರ್ಪಡಿಸುವುದಿಲ್ಲವಾದುದರಿಂದ, ಅಲ್ಲಿ ಎರಡು ನಿಷ್ಠೆಗಳ ನಡುವಣ ಆಯ್ಕೆಯ ಪ್ರಶ್ನೆ ಇದೆಯೆಂಬುದು ಕನ್ನಡದ ಓದುಗನಿಗೆ ಹೊಳೆಯುವುದು ಕಷ್ಟ.

5. ಮೂಡುಬಿದಿರೆಯ ಪರಿಸರದಲ್ಲಿ ನಡುವಣ ಶಕ್ತಿಗಳು

ಗ್ರೀಕರ ನಡುವಣ ಶಕ್ತಿಗೆ ಸಮೀಪವಾದ ಕಲ್ಪನೆ ಮೂಡುಬಿದಿರೆಗೆ ಹೊಸದಲ್ಲ. 1430ರ ತ್ರಿಭುವನತಿಲಕ ಚೂಡಾಮಣಿ ಬಸದಿಯೂ ಸೇರಿದಂತೆ 18 ಬಸದಿಗಳಿರುವ ಊರು ಇದು. ಧವಳ, ಜಯಧವಳ, ಮಹಾಧವಳ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದುದೂ ಇದೇ ಊರು. ಜೈನಶಾಸ್ತ್ರದಲ್ಲಿ ದೇವಗತಿಯ ಜೀವಿಗಳು ಭವನವಾಸಿ, ವ್ಯಂತರ, ಜ್ಯೋತಿಷ್ಕ, ವೈಮಾನಿಕ ಎಂದು ನಾಲ್ಕು ವಿಧ. ತತ್ತ್ವಾರ್ಥಸೂತ್ರದ 4ನೆಯ ಅಧ್ಯಾಯವು ವ್ಯಂತರರಲ್ಲಿ ಕಿನ್ನರ, ಕಿಂಪುರುಷ, ಮಹೋರಗ, ಗಂಧರ್ವ, ಯಕ್ಷ, ರಾಕ್ಷಸ, ಭೂತ, ಪಿಶಾಚ ಎಂಬ ಎಂಟು ಬಗೆಗಳನ್ನು ಹೇಳುತ್ತದೆ. ಭೂತವೂ ಪಿಶಾಚವೂ ಇಲ್ಲಿ ದೇವವರ್ಗಕ್ಕೇ ಸೇರಿದವು. ಜಿನನಿಗೆ ಅವು ಸಮಾನವಲ್ಲ, ಸಂಸಾರದಿಂದ ಮುಕ್ತವೂ ಅಲ್ಲ. ಅಷ್ಟರಿಂದಲೇ ಅವು ದುಷ್ಟವೆನಿಸುವುದಿಲ್ಲ. ಅಮರಕೋಶವೂ ಪಿಶಾಚ, ಭೂತಗಳನ್ನು ದೇವಯೋನಿಗಳಲ್ಲಿ ಎಣಿಸಿದೆ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಜೈನರಾದ ಹೆಗ್ಗಡೆ ಮನೆತನ ಕಾಳರಾಹು, ಕಾಳರ್ಕಾಯಿ, ಕುಮಾರಸ್ವಾಮಿ, ಕನ್ಯಾಕುಮಾರಿ ಎಂಬ ನಾಲ್ಕು ಧರ್ಮದೈವಗಳ ಸೇವೆಯನ್ನು ನಡೆಸಿಕೊಂಡು ಬಂದಿರುವುದು ಇಂಥ ಶ್ರೇಣೀಕೃತ ಭಾವನೆಯ ಜೀವಂತ ರೂಪ.

ತುಳುವಿನಲ್ಲಿ ಈ ಕ್ಷೇತ್ರದ ಪದಗಳು ಬೇರೆ ಬೇರೆ ನೆಲೆಗಳಲ್ಲಿವೆ. ಆರಾಧನೆ ಪಡೆಯುವ ಶಕ್ತಿ 'ದೈವ' ಅಥವಾ 'ಭೂತ'. ಸತ್ತವರ ಚೇತನ 'ಕುಲೆ'. ಕುಲೆಯೂ ಪೂರ್ತಿಯಾಗಿ ಹಗೆಯಲ್ಲ. ಅದಕ್ಕೆ ಮನೆಯವರು ಬಡಿಸುತ್ತಾರೆ, ಮದುವೆಯಾಗದೆ ಸತ್ತವರಿಗೆ ಕುಲೆ ಮದುವೆಯನ್ನೂ ಮಾಡುತ್ತಾರೆ. ತೃಪ್ತಿಗಾಣದ ಕುಲೆ ಉಪದ್ರ ಕೊಟ್ಟಾಗ ಮಾತ್ರ ಅದು ಪೀಡೆ. ಸಂಸ್ಕೃತದಲ್ಲಿ 'ಭೂತ' ಎಂದರೆ ಆದದ್ದು, ಇದ್ದದ್ದು, ಜೀವಿ. ಇಂದಿನ ಕನ್ನಡದಲ್ಲಿ ಅದು ಪ್ರೇತವೆಂಬ ಅರ್ಥಕ್ಕೆ ಇಳಿದಿರುವುದರಿಂದ ತುಳುನಾಡಿನ ಸಾರ್ವಜನಿಕ ಬರೆಹದಲ್ಲಿ 'ಭೂತಾರಾಧನೆ'ಯ ಬದಲು 'ದೈವಾರಾಧನೆ' ಎಂಬುದು ಹೆಚ್ಚುಹೆಚ್ಚಾಗಿ ಬಳಕೆಗೆ ಬಂದಿದೆ.

ಮೈಮೇಲೆ ಬರುವುದರಲ್ಲಿಯೂ ಇಂಥದೇ ಭೇದವಿದೆ. ತುಳು ಮೌಖಿಕ ಪರಂಪರೆಯನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1979ರ ಲೇಖನವೊಂದರಲ್ಲಿ, ಕರೆಯದೆ ಬಂದು ಹೊಗುವ ಶಕ್ತಿಯ ಹಿಡಿತವನ್ನೂ, ನಿಯತ ವ್ಯಕ್ತಿಯ ಮೂಲಕ ನಿಯತ ಸಂದರ್ಭದಲ್ಲಿ ಶಕ್ತಿ ಪ್ರಕಟವಾಗುವುದನ್ನೂ ಬೇರೆಯಾಗಿ ನೋಡಬೇಕೆಂದು ತೋರಿಸಿದರು. ಕೆ. ಚಿನ್ನಪ್ಪ ಗೌಡರ 'ಭೂತಾರಾಧನೆ: ಜಾನಪದೀಯ ಅಧ್ಯಯನ' (1990) ಈ ಆರಾಧನೆಯ ಕ್ರಮವನ್ನು ವಿಸ್ತಾರವಾಗಿ ದಾಖಲಿಸಿದೆ. ಕೋಲ, ನೇಮಗಳಲ್ಲಿ ಗಗ್ಗರ ಕಟ್ಟಿ ಅಣಿ ಏರಿಸಿ ನಿಂತವನ ಮೇಲೆ ದೈವ ಬರುವುದು ಊರವರು ಬೇಡಿಕೊಂಡಾಗ. ಅದು ನುಡಿ ಕೊಡುತ್ತದೆ, ವ್ಯಾಜ್ಯ ಕೇಳುತ್ತದೆ, ಅಭಯ ಕೊಟ್ಟು ಹಿಂದೆ ಸರಿಯುತ್ತದೆ. ಸುವಾರ್ತೆಗಳಲ್ಲಿ ಸಮಾಧಿಗಳ ನಡುವೆ ತನ್ನನ್ನೇ ಕಲ್ಲಿನಿಂದ ಜಜ್ಜಿಕೊಳ್ಳುವವನ ಸ್ಥಿತಿಗೂ ಇದಕ್ಕೂ ಹೊರನೋಟದ ಹೋಲಿಕೆಯಿದ್ದರೂ ಅರ್ಥಸಾಮ್ಯವಿಲ್ಲ.

6. 'ಡೆವಿಲ್' ಎಂಬ ಹೆಸರಿನ ಪರಿಣಾಮ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಬೋಧಕರಲ್ಲಿ ಹೆಚ್ಚಿನವರು ಜರ್ಮನ್ ಭಾಷಿಕರು. 'ದೈಮೋನಿಯೋನ್'ಗೂ 'ದಿಯಾಬೊಲೋಸ್'ಗೂ ಒಂದೇ ಪದವಿರುವ ಲೂಥರನ ಅನುವಾದ ಅವರ ನಿತ್ಯಪಾಠ. ಇಂಗ್ಲಿಷ್ ಅಧಿಕಾರಿಗಳ ಕೈಯಲ್ಲಿದ್ದುದು 'ಡೆವಿಲ್' ಎಂಬ ಪದ. ತುಳುವರ ಆರಾಧನೆಗೆ ಅವರು ಹೆಸರಿಟ್ಟಾಗ ಈ ಕಲಸಿದ ಅರ್ಥವೇ ಅಲ್ಲಿಗೂ ಬಂದಿತು. 1882ರಲ್ಲಿ ತೀರಿಕೊಂಡ ಎ. ಸಿ. ಬರ್ನೆಲ್ಲರ ಸಂಗ್ರಹವನ್ನು ಆರ್. ಸಿ. ಟೆಂಪಲ್ 1894ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದಾಗ ಅದರ ಶೀರ್ಷಿಕೆ ತುಳುವರ 'ಡೆವಿಲ್ ವರ್ಷಿಪ್' ಎಂದಾಯಿತು. ಹೀಗೆ ಗ್ರೀಕ್ ಮೂಲದಲ್ಲಿ ಒಂದೇ ಆಗಿರದ ಎರಡು ಪದಗಳ ಬೆರಕೆಯು ತುಳುನಾಡಿನ ಆರಾಧನೆಗೆ ಅಂಟಿಕೊಂಡಿತು.

ಇದರ ಜೊತೆಗೆ ಮತ್ತೊಂದನ್ನೂ ಹೇಳದಿದ್ದರೆ ನ್ಯಾಯವಾಗದು. ಪಾಡ್ದನಗಳನ್ನು ಮೊದಲು ಅಚ್ಚಿಗೆ ತಂದವರಲ್ಲಿ ಬಾಸೆಲ್ ಮಿಷನ್ನಿನ ಎ. ಮ್ಯಾನರ್ ಪ್ರಮುಖರು. ಅವರ ಪಾಡ್ದನ ಸಂಗ್ರಹವೂ ತುಳು-ಇಂಗ್ಲಿಷ್ ನಿಘಂಟೂ 1886ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದವು. ಆರಾಧನೆಯನ್ನು ಒಪ್ಪದವರೇ ಅದರ ವಾಙ್ಮಯವನ್ನು ಉಳಿಸಿಕೊಟ್ಟರು. ಅವರು ಉಳಿಸಿದ ಕಥೆಗಳು ಅವರ ಕಾಲದವರು ಇಟ್ಟ ಹೆಸರನ್ನು ಪ್ರಶ್ನಿಸುವಂತಿವೆ.

ಕಲ್ಕುಡ-ಕಲ್ಲುರ್ಟಿಯರ ಪಾಡ್ದನ ಇದಕ್ಕೆ ಸಾಕ್ಷಿ. ಶಿಲ್ಪಿ ಬೀರು ಕಲ್ಕುಡ ಕಾರ್ಕಳದ ಗೊಮ್ಮಟನನ್ನು ಕಡೆದನು. ಇಂಥ ಕೆಲಸ ಬೇರೆಲ್ಲೂ ಆಗಬಾರದೆಂದು ಅರಸನು ಅವನ ಒಂದು ಕೈ, ಒಂದು ಕಾಲು ಕಡಿಸಿದನು. ಉಳಿದ ಕೈಕಾಲುಗಳಲ್ಲೇ ಅವನು ವೇಣೂರಿನಲ್ಲಿ ಕೆಲಸ ಮಾಡಿದನು. ತಂಗಿ ಕಲ್ಲುರ್ಟಿ ಅಣ್ಣನಿಗಾದ ಅನ್ಯಾಯವನ್ನು ಸಹಿಸದಾದಳು. ಇಬ್ಬರೂ ಮಾಯಕ್ಕೆ ಸಂದು ದೈವಗಳಾಗಿ ಅರಸನನ್ನು ಕಾಡಿದರು. ಕಾರ್ಕಳದ ವಿಗ್ರಹ 1432ರದು, ವೇಣೂರಿನದು 1604ರದು. ಒಬ್ಬನ ಆಯುಸ್ಸಿನಲ್ಲಿ ಇವೆರಡೂ ಆಗುವಂತಿಲ್ಲ. ಪಾಡ್ದನ ಹೇಳುತ್ತಿರುವುದು ಕಾಲಾನುಕ್ರಮದ ಇತಿಹಾಸವಲ್ಲ, ಕುಶಲಕರ್ಮಿಗೆ ಆಳುವವನಿಂದ ಒದಗಿದ ಅನ್ಯಾಯದ ನೆನಪು. ಕಲ್ಕುಡ-ಕಲ್ಲುರ್ಟಿಯರ ಕೋಲದಲ್ಲಿ ಊರು ನೆನೆಯುವುದು ಆ ನೋವನ್ನು. ಹೆಸಿಯಡ್ ಹೇಳಿದ, ಸತ್ತ ಮೇಲೆ ಕಾಯುವ ದೈಮೋನ್‌ಗಳಿಗೆ ಇವರು ಸಮೀಪ, ಸುವಾರ್ತೆಯ ಪೀಡೆಗಳಿಗೆ ದೂರ. 'ಡೆವಿಲ್' ಎಂಬ ಪದ ಈ ಅಣ್ಣತಂಗಿಯರಿಗೆ ಸಂದಾಗ ಅಳಿಸಿಹೋಗುವುದು ಒಂದು ನಂಬಿಕೆಯ ಗೌರವ ಮಾತ್ರವಲ್ಲ, ಅವರ ದೂರೂ ಅಳಿಸಿಹೋಗುತ್ತದೆ. ಅನ್ಯಾಯಕ್ಕೆ ಒಳಗಾದವರೇ ದುಷ್ಟರ ಸಾಲಿಗೆ ಸೇರಿಬಿಡುತ್ತಾರೆ.

7. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. 'ದೈಮೋನಿಯೋನ್' ಪದಕ್ಕೆ ಧರ್ಮಗ್ರಂಥದೊಳಗೆ ಎರಡು ನೆಲೆಗಳಿವೆ. ಒಂದು, ಮನುಷ್ಯನನ್ನು ಹೊಕ್ಕು ಪೀಡಿಸುವ ಶಕ್ತಿ. ಇನ್ನೊಂದು, ಅನ್ಯರು ಆರಾಧಿಸುವ ಶಕ್ತಿ. ಮೊದಲನೆಯದಕ್ಕೆ ಕನ್ನಡದ 'ದೆವ್ವ' ಯುಕ್ತವಾದ ಪದ. ತುಳುವಿನಲ್ಲಿ ಇದಕ್ಕೆ ಸಮೀಪವಾದುದು ಉಪದ್ರ ಕೊಡುವ ಕುಲೆಯೇ ಹೊರತು ದೈವವಲ್ಲ. ಎರಡನೆಯದಕ್ಕೆ 'ದೆವ್ವ' ಸಾಲದು. ಅಪೊಸ್ತಲರ ಕೃತ್ಯಗಳ ಪ್ರಸಂಗದಲ್ಲಿ ಕನ್ನಡ ಅನುವಾದ ತೋರಿಸಿರುವ ವಿವೇಕವನ್ನು ಪೌಲನ ಪತ್ರಿಕೆಯ ಪ್ರಸಂಗಕ್ಕೂ ವಿಸ್ತರಿಸಿ, ಪದವನ್ನು ಬದಲಿಸದಿದ್ದರೂ ಅಡಿಟಿಪ್ಪಣಿಯಲ್ಲಿ ಗ್ರೀಕ್ ಪದದ ವ್ಯಾಪ್ತಿಯನ್ನು ತಿಳಿಸುವುದು ಸಾಧ್ಯವಿದೆ.

ದೈವವನ್ನು ಆರಾಧಿಸಬೇಕೆ, ಕೂಡದೆ ಎಂಬುದು ಆಯಾ ಧರ್ಮದ ಶ್ರದ್ಧೆಗೆ ಬಿಟ್ಟ ವಿಷಯ. ಪೌಲನ ಮಾತನ್ನು ಪ್ರಮಾಣವೆಂದು ನಂಬುವ ಕ್ರೈಸ್ತನು ಕೋಲದ ಎಡೆಯಿಂದ ದೂರವಿರಬಹುದು. ಜಿನನೊಬ್ಬನೇ ಶರಣ್ಯನೆಂದು ನಂಬುವ ಜೈನನು ವ್ಯಂತರರಿಗೆ ಮಿತವಾದ ಗೌರವವನ್ನಷ್ಟೇ ಸಲ್ಲಿಸಬಹುದು. ಇವು ನಿಷ್ಠೆಯ ಆಯ್ಕೆಗಳು. ಆದರೆ ನೆರೆಯವನ ದೈವವನ್ನು ಸಮಾಧಿಯ ನಡುವೆ ಅಲೆಯುವ ಪೀಡೆಯೊಡನೆ ಒಂದಾಗಿಸುವ ತೀರ್ಪಿಗೆ ಗ್ರೀಕ್ ಪದದ ಬೆಂಬಲವಿಲ್ಲ. ಆ ತೀರ್ಪು ಮೂಲದಿಂದ ಬಂದುದಲ್ಲ, ಅನುವಾದದ ಹಾದಿಯಲ್ಲಿ ಸೇರಿಕೊಂಡದ್ದು.